ಮಂಚದ ತಲೆಕಡೆಯ ಇಟ್ಟಿಗೆ

ಆಸ್ಪತ್ರೆಯಲ್ಲಿ ಸರದಿಗೆ ಕಾಯುತ್ತಿದ್ದ ದರ್ಜಿ, ಪಕ್ಕದಲ್ಲಿ ಕೂತ ಅಕ್ಕತಂಗಿಯರ ಮಾತಿಗೆ ಬೇಡವೆಂದರೂ ಕಿವಿಗೊಟ್ಟ.

“ತೂಕ ಇಳೀಲಿ ಅಂತ ಆಪರೇಷನ್ ಮಾಡಿಸ್ಕೊಂಡ್ಯಲ್ಲಕ್ಕಾ, ಎದೆಯುರಿ ಯಾಕೆ ಶುರುವಾಯ್ತು?”

“ಜಠರ ಕತ್ತರಿಸಿ ಈಗ ಬಾಳೆಹಣ್ಣಿನಷ್ಟೇ ಉಳಿಸಿದ್ದಾರೆ ಕಣೇ. ಮಲಗಿದ್ರೆ ಒಳಗಿನ ಹುಳಿ ಅನ್ನನಾಳಕ್ಕೆ ಏರತ್ತೆ. ಅದಕ್ಕೇ ಮಂಚದ ತಲೆಕಡೆ ಇಟ್ಟಿಗೆ ಕೊಟ್ಟು ಎತ್ತರ ಮಾಡಿರೋದು.”

“ಮತ್ತೆ ಭಾವ?”

“ಪಾಪ, ಬೆಳಗಾಗೋ ಹೊತ್ತಿಗೆ ಜಾರಿ ಜಾರಿ ಕಾಲುಕಡೆ ಮುದುರಿಕೊಂಡಿರ್ತಾರೆ.”

“ಬೇರೆ ಮಲಗಬಾರದಾ?”

“ಹೇಳಿ ಸಾಕಾಯ್ತು. ಹುಳಿ ಗಂಟಲಿಗೆ ಬಂದು ನೀನು ಕೆಮ್ಮಿದ್ರೆ ಬೆನ್ನು ನೀವೋರು ಯಾರು ಅಂತಾರೆ.”

“ನೀನು ಪುಣ್ಯ ಮಾಡಿದ್ದೀಯ ಬಿಡು.”

ನರ್ಸ್ ಕರೆದಳು. ಎದುರಿನ ಬೆಂಚಿನ ಮೇಲೆ ಉದ್ದಕ್ಕೆ ಮಲಗಿ ಗೊರಕೆ ಹೊಡೆಯುತ್ತಿದ್ದ ಭಾವನನ್ನು ಎಬ್ಬಿಸಲು ತಂಗಿ ಎದ್ದಳು. ಅಕ್ಕ ಅವಳ ಕೈ ಹಿಡಿದಳು.

“ಬೇಡ್ವೇ. ಎಷ್ಟೋ ದಿನಕ್ಕೆ ಮಟ್ಟಸವಾದ ಜಾಗ ಸಿಕ್ಕಿದೆ, ಮಲಗಲಿ.”

ಇಬ್ಬರೂ ಚಪ್ಪಲಿ ಸದ್ದಾಗದಂತೆ ಒಳಗೆ ಹೋದರು. ದರ್ಜಿ ತನಗೆ ಬಂದ ಕೆಮ್ಮನ್ನು ನುಂಗಿಕೊಂಡ.