ಶನಿಚರ್ ತಕ್

ಹಲೋ... ಹಲೋ, ಯಾರ್ರಿ ಮಾತಾಡೋದು? ಬೀದರ ಗಂಜಿನ ಹಾವಗೆಪ್ಪನವರ ಅಡತಿ ಅಂಗಡಿನೇ ಅಲ್ರಿ?... ಹಾಂ, ಭಾವ, ಶರಣ್ರಿ. ನಾ ಮಡೆಪ್ಪರಿ, ಭಾಲ್ಕಿ ಟಪಾಲ ಆಫೀಸಿನಿಂದ. ನಿಮ್ಮ ತಂಗೀನ ಜರಾ ಕರೀರಿ... ಇಲ್ರಿ, ಎಲ್ಲಾ ಆರಾಮ ಅದ. ಆಕಿಗೇ ಹೇಳೋ ಮಾತರಿ...

ಹಲೋ, ಶಿವಕಾಂತಾ? ನಾನೇ... ನನ್ನ ಊಟದ ಮಾತು ಬಿಡು. ನೀ ಅಂಗ್ರೇಜಿ ಬರಿಯೋ ವಹಿ ಇಲ್ಲೇ ಬಿಟ್ಟು ಹೋಗಿದಿ, ಗೊತ್ತದಿಲ್ಲೋ?... ಹಾಂ, ನೋಡೀನಿ. ಈ ಟಪಾಲ ಆಫೀಸಿನ ಕುತುಬೋದ್ದೀನ ಭಾಯಿ ಕಡಿಂದ ಓದ್ಸೀನಿ.

ಯಾರವ?... ಯಾರವ ಅಂದ್ರ ಯಾರವ! ‘ಆಯ್ ವಿಲ್ ವೇಟ್ ಫಾರ್ ಹಿಮ್ ಅಂಟಿಲ್ ಈವ್ನಿಂಗ್.’ ಸಂಜಿ ತನಕ ಅವನ ಹಾದಿ ಕಾಯ್ತಿಯಂತ. ಅದರ ಕೆಳಗ ‘ಹೀ ವಿಲ್ ಕಮ್ ಅಟ್ ನೂನ್’. ನಡು ಮಧ್ಯಾಹ್ನಕ್ಕ ಬರ್ತಾನಂತ! ಗಂಡ ತಹಸೀಲ ಕಚೇರ್ಯಾಗ ಇರೋ ಹೊತ್ತಿಗಿ!... ನಗಬ್ಯಾಡ. ಇಲ್ಲಿ ನನ್ನ ಎದಿ ಉರೀಲಿಕತ್ತದ.

... ಪಾಠನಾ? ಎಂಥಾ ಪಾಠ?... ಗಂಟಿಗಿ ‘ಅಟ್’, ವಾರಕ್ಕ ‘ಆನ್’, ತಿಂಗಳಿಗಿ ‘ಇನ್’?... ಅಷ್ಟೆಲ್ಲಾ ಯಾಕ ಬೇಕು ಅವರಿಗಿ? ನಮಗ ಒಂದು ‘ಕ್ಕ’ ಹಚ್ಚಿದ್ರ ಮುಗೀತು. ಹತ್ತಕ್ಕ, ಸೋಮವಾರಕ್ಕ, ಶ್ರಾವಣಕ್ಕ.

ಮತ್ತ ಆ ‘ಹಿಮ್’ ಯಾರು?... ಯಾರೂ ಅಲ್ಲ? ಯಾರೂ ಅಲ್ಲದವನ ಹಾದಿ ಸಂಜಿ ತನಕ ಕಾಯ್ತಾರೇನು? ನಿನಗ ಅಂಗ್ರೇಜಿ ಕಲಿಸೋ ಆ ಮಾಣಿಕರಾವ ಮಾಸ್ತರ ಬರೆಸಿದ್ದು, ಅಲ್ವಾ?... ಹಾಂ ಹಾಂ, ಭಾರಿ ಶಾಣ್ಯಾ ಇದ್ದಾನ. ಪೊಲೀಸ್ ಆಕ್ಷನ್ ಆಗಿ ಎರಡು ವರ್ಷ ಆತು, ಕಚೇರ್ಯಾಗ ಎಲ್ಲಾ ಅಂಗ್ರೇಜಿ ಬಂತು. ನಿಮ್ಮ ಉರ್ದು ಅಕ್ಷರ ಮುತ್ತಿನಂಗ ಅವ ಅಂತಿದ್ದಿ ನೀನೇ. ಈಗ ಬಾಯಿ ತೆಗೆದ್ರ ಮಾಸ್ತರ, ಮಾಸ್ತರ!... ಹೌದು, ಹೊಟ್ಟಿಕಿಚ್ಚೇ. ಏನೀಗ?

... ಮತ್ತ ನಿನಗ ಕಾಗದ ಯಾಕ ಬರೀತಾನ ಅವ?... ಹಾಂ, ಬಂದದ. ಮೊನ್ನಿ ಸೋಮವಾರನೇ ಬಂದದ, ಅಂಗ್ರೇಜಿದಾಗ. ನಾನೇ ಒಡದೀನಿ. ‘ಶನಿಚರ್ ತಕ್ ಆನಾ’ ಅಂತ ಅದ, ಅಂದ್ರು ಭಾಯಿ. ಮುಂದ ಕೇಳದೇ ಕಸಗೊಂಡೆ. ಶನಿವಾರ ತನಕ ಬಂದು ಇರಬೇಕಂತ ಅವನ ಕಡಿ! ದಾಟಲಿ ಅವನ ಶನಿವಾರ ಅಂತ ಹಾಸಿಗಿ ಕೆಳಗ ಇಟ್ಟಿದ್ದೆ.

... ಸಿಕ್ಕಾನಾ? ಕಾಗದದ ಮ್ಯಾಲಿನ ಮುದ್ರಿನಾ? ತಡಿ, ಕಿಸೆದಾಗೇ ಅದ. ಸಿಕ್ಕಾ... ಉರ್ದುದಾಗ ಅದ, ಬೀದರದ ಹೆಣ್ಣುಮಕ್ಕಳ ಸಾಲಿದು. ಮಾಸ್ತರಂದಲ್ಲ?... ನೀ ಕೆಲಸಕ್ಕ ಅರ್ಜಿ ಹಾಕಿದ್ದ ಸಾಲಿ? ತಿಂಗಳಿಂದ ಹಾದಿ ನೋಡ್ತಿದ್ದ ಕಾಗದ ಇದೇ ಏನು?

... ಅಕ್ಷರ ಹೇಳಲಾ? ತಡಿ, ಭಾಯಿ ಇಲ್ಲೇ ಅದಾರ, ಓದ್ತಾರ. ಬಿ, ವಾಯ್. ಆಮ್ಯಾಲ ಸ್ಯಾಟರ್‌ಡೇ... ತನಕ ಅಲ್ಲ? ‘ಅಂಟಿಲ್’ ಅಂದ್ರ ತನಕ, ‘ಬೈ’ ಅಂದ್ರ... ಒಳಗ? ಶನಿವಾರದ ಒಳಗ?... ಒಂದು ನಿಮಿಷ ನಿಂದರು. ಭಾಯಿ, ನಿಮ್ಮ ‘ತಕ್’ ಅಂದ್ರ ಒಳಗ ಅಂತನೂ ಆಗ್ತದೇನ್ರಿ?... ಆಗ್ತದಂತ, ಶಿವಕಾಂತಾ. ಎರಡೂ ಆಗ್ತದಂತ. ಸುಡ್ಲಿ ಆ ತಕ್!

... ಸನದು? ನೀ ಮಿಡಲ್ ಪಾಸಾದ ಸನದು ತೋರಿಸಿದ್ರೇ ಕೆಲಸನಾ?... ಅದೂ ಇಲ್ಲೇ ಅದ, ಸಂದೂಕದಾಗ... ಸಾಲಿ ಐದಕ್ಕ ಮುಚ್ಚತದ? ಅಯ್ಯ, ಇವತ್ತೇ ಶನಿವಾರ ಅಲ್ಲೇನ!

ಅಳಬ್ಯಾಡ... ಏ, ಅಳಬ್ಯಾಡ. ತಪ್ಪಾತು, ನನ್ನದೇ ತಪ್ಪು. ಎರಡರ ರೈಲು ಅದ, ಸನದು ತಗೊಂಡು ಓಡಿ ಬರ್ತೇನಿ. ನೀ ಹೋಗಿ ಸಾಲಿ ಬಾಗಿಲದಾಗ ನಿಂದರು. ಐದರ ತನಕ ಅಲ್ಲ, ಐದರ ಒಳಗ ಬರ್ತೇನಿ...

... ರೈಲು ತಡಾ ಆದ್ರನಾ? ತಡಾ ಆದ್ರ... ಕಾಯ್ತಿಲ್ಲೋ? ಆ ‘ಹಿಮ್’ ಹಾದಿ ಸಂಜಿ ತನಕ ಕಾಯ್ತಿದ್ದಿ. ನನ್ನ ಹಾದಿ? ನನ್ನ ಹಾದಿ ಎಲ್ಲಿ ತನಕ ಕಾಯ್ತಿ?... ಹಲೋ?... ಶಿವಕಾಂತಾ, ಕೇಳ್ತದಾ? ಎಲ್ಲಿ ತನಕ...