ಕಣ್ಣಿಗೆ ಕಾಣದ ಕ್ಲೋರಿನ್

ವೇದಿಕೆಯ ನಡುವೆ ಕುಳಿತಿರುವ ಅಧ್ಯಕ್ಷರೇ, ಅವರ ಎಡಬಲದ ಅತಿಥಿಗಳೇ, ಆಗಲೇ ಗಡಿಯಾರ ನೋಡಲು ಶುರುಮಾಡಿರುವ ಸಭಿಕರೇ,

ನೀರು ಶುದ್ಧೀಕರಣ ಘಟಕದ ಕ್ಲೋರಿನ್ ಕೋಣೆಯಲ್ಲಿ ಮೂವತ್ತೊಂದು ವರ್ಷ ದುಡಿದು ಇಂದು ನಿವೃತ್ತನಾಗುತ್ತಿದ್ದೇನೆ. ಈ ಊರಿನಲ್ಲಿ ಯಾರು ನಲ್ಲಿ ತಿರುಗಿಸಿ ನೀರು ಕುಡಿದರೂ ಅದರಲ್ಲಿ ನನ್ನ ಪಾಲಿದೆ. ಇದು ಜಂಭವೇ? ಹೌದು, ಜಂಭವೇ. ಇದೊಂದು ದಿನ ಸಹಿಸಿಕೊಳ್ಳಿ.

ನನ್ನ ಕಣ್ಣಿನ ಬಗ್ಗೆಯೂ ಜಂಭವಿತ್ತು. ಗಾಳಿಗೆ ಬಣ್ಣವಿಲ್ಲ, ಕ್ಲೋರಿನ್ನಿಗೆ ಇದೆ, ಹಳದಿ ಬೆರೆತ ಹಸಿರು. ಒಳಹೋಗುವ ಮುನ್ನ ಬಾಗಿಲ ಸಂದಿಗೆ ಅಮೋನಿಯ ಬಾಟಲಿ ಹಿಡಿಯಬೇಕು, ಸೋರಿಕೆಯಿದ್ದರೆ ಬಿಳಿ ಹೊಗೆ ಏಳುತ್ತದೆ. ಅದು ನಿಯಮ. ನಾನೋ, ಬಾಗಿಲಿನ ಅಂಗೈಯಗಲದ ಗಾಜಿನಲ್ಲಿ ಇಣುಕಿ, ಹಸಿರು ಕಾಣದಿದ್ದರೆ ಒಳಹೋಗುವವನಿಗೆ "ಏನೂ ಇಲ್ಲ, ಹೋಗು" ಎಂದುಬಿಡುತ್ತಿದ್ದೆ.

ಕಳೆದ ತಿಂಗಳು ಬಾಮೈದನ ಮಗಳು ತನ್ನ ಕಾಲೇಜಿಗೆ ಕರೆದೊಯ್ದಳು. ರಸಾಯನಶಾಸ್ತ್ರ ಕಲಿಸುತ್ತಾಳೆ, ನಮ್ಮ ಮನೆತನದ ಮೊದಲ ಲೆಕ್ಚರರು. "ಮಾವ, ಬಿಳಿ ಬೆಳಕಲ್ಲಿ ಎಲ್ಲಾ ಬಣ್ಣನೂ ಇರುತ್ತೆ. ಕ್ಲೋರಿನ್ನು ಅದರಲ್ಲಿ ನೇರಳೆ, ನೀಲಿ ನುಂಗಿಬಿಡುತ್ತೆ. ಉಳಿದಿದ್ದು ನಮಗೆ ಹಳದಿ ಹಸಿರಾಗಿ ಕಾಣುತ್ತೆ. ಆಮ್ಲಜನಕ, ಸಾರಜನಕ ಕಣ್ಣಿಗೆ ಕಾಣೋ ಬೆಳಕನ್ನ ಹೆಚ್ಚುಕಮ್ಮಿ ಮುಟ್ಟೋದೇ ಇಲ್ಲ. ಅದಕ್ಕೇ ಅವಕ್ಕೆ ಬಣ್ಣ ಇಲ್ಲ" ಎಂದಳು. ಒಂದಿಷ್ಟೇ ಕ್ಲೋರಿನ್ ತುಂಬಿದ ಉದ್ದನೆಯ ಗಾಜಿನ ಕೊಳವೆ ಕೊಟ್ಟಳು. ತುದಿಯಿಂದ ನೋಡಿದೆ, ತಿಳಿಹಸಿರು. ಪಕ್ಕದಿಂದ ನೋಡಿದೆ, ಬರೀ ಗಾಜು. "ತೆಳುವಾಗಿದ್ರೆ ನುಂಗೋದೂ ಕಮ್ಮಿ, ಕಾಣಲ್ಲ. ಆದ್ರೂ ಶ್ವಾಸಕೋಶ ಸುಡೋಕೆ ಸಾಕು, ಮಾವ."

ಕೊಳವೆಯನ್ನು ಇನ್ನೊಮ್ಮೆ ಪಕ್ಕದಿಂದ ನೋಡಿದೆ. ಇಪ್ಪತ್ತು ವರ್ಷದ ಹಿಂದೆ ಅವಳ ಅಪ್ಪ, ಆಗ ನನ್ನ ಜೊತೆಗೇ ಕೆಲಸಕ್ಕಿದ್ದ ನನ್ನ ಬಾಮೈದ, ನಾನು ಹೋಗು ಎಂದ ಮೇಲೆ ಆ ಕೋಣೆಯೊಳಗೆ ಹೋಗಿ, ವಾಲ್ವಿನ ಬಳಿ ಕುಸಿದುಬಿದ್ದ. "ಅವನು ಹೋಗುವ ಮುನ್ನ ಒಳಗೆ ಗ್ಯಾಸ್ ಇರಲಿಲ್ಲ, ಅವನೇ ವಾಲ್ವ್ ತಪ್ಪಾಗಿ ತಿರುಗಿಸಿದ್ದಾನೆ" ಎಂದು ವರದಿ ಬರೆದುಕೊಟ್ಟವನು ನಾನು. ಸುಳ್ಳು ಬರೆದೆನೇ? ಇಲ್ಲ, ನಂಬಿಯೇ ಬರೆದೆ. ಬಾಟಲಿ ಹಿಡಿದು ನೋಡಿದೆ ಎಂದೂ ಬರೆದೆ. ಅದು... ಅದು ಸುಳ್ಳು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ, ನಾನು ಪ್ರಮಾಣಿಸಲಿಲ್ಲ. ಅವನ ಕೆಲಸ ಹೋಯಿತು, ಹೆಸರೂ ಹೋಯಿತು. ಆ ಸುಟ್ಟ ಎದೆಯನ್ನಿಟ್ಟುಕೊಂಡೇ ಅಂಗಡಿ ಅಂಗಡಿ ಗುಡಿಸಿ ಮಗಳನ್ನು ಓದಿಸಿದ. ನನ್ನ ಮೂವತ್ತೊಂದು ವರ್ಷಕ್ಕಿಂತ ಅದು ದೊಡ್ಡದು ಎಂದು ಹೆಮ್ಮೆಯಿಂದ ಹೇಳುತ್ತೇನೆ.

ಅಧ್ಯಕ್ಷರೇ, ಆ ವರದಿಯಲ್ಲಿ ತಪ್ಪಿತಸ್ಥನೆಂದು ನನ್ನ ಹೆಸರು ಬರೆಸಿ. ಅರ್ಜಿಗೆ ಸಹಿ ಹಾಕಿ ತಂದಿದ್ದೇನೆ. ಬಾಮೈದ, ಮೂರನೇ ಸಾಲಿನಲ್ಲಿದ್ದೀಯ. ನೀನು ಏಳಬೇಡ, ಕೆಮ್ಮು ಬರುತ್ತದೆ. ಸಭಿಕರೇ, ದಯವಿಟ್ಟು ಅವನಿಗಾಗಿ ನಾವು ಎದ್ದು ನಿಲ್ಲೋಣ.

ನಿಂತವರಿಗೆಲ್ಲ ಧನ್ಯವಾದ. ನಮಸ್ಕಾರ.