ತೆಳು ತಂತಿ

ಮೂಳೆ ಡಾಕ್ಟರ ಕೋಣೆಯ ಹೊರಗಿನ ಬೆಂಚಿನಲ್ಲಿ ಟೈಲರಮ್ಮ ಊದಿದ ಮಣಿಕಟ್ಟನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಪಕ್ಕದಲ್ಲಿ ತಲೆ ನರೆತ ಅಣ್ಣತಮ್ಮಂದಿರಿಬ್ಬರು. ಅಣ್ಣನ ಬೆರಳ ಗೆಣ್ಣುಗಳು ಶುಂಠಿಯ ಹಾಗೆ ಗಂಟುಗಟ್ಟಿದ್ದವು. ಬೇಡವೆಂದರೂ ಅವರ ಮಾತು ಅವಳ ಕಿವಿಗೆ ಬೀಳುತ್ತಿತ್ತು.

“ಡಾಕ್ಟರು ಗಿಟಾರ್ ಬಿಡಿ ಅಂದ್ರೆ ಬಿಟ್ಬಿಡು ಅಣ್ಣ.”

“ಯಾಕೋ ಬಿಡ್ಲಿ? ಬೆರಳಿಗೆ ಹಗುರ ಅಂತ ತೆಳು ತಂತಿ ಹಾಕ್ಕೊಂಡೆ, ಬಿಸಿನೀರಲ್ಲಿ ಕೈ ಅದ್ದಿ ಸ್ಟೇಜ್ ಹತ್ತಿದೆ. ಮೊನ್ನೆ ಹೋಟೆಲಲ್ಲಿ ಜನ ಎದ್ದು ನಿಂತು ಚಪ್ಪಾಳೆ ಹೊಡೀಲಿಲ್ವಾ?”

“ಹೊಡೆದ್ರು.”

“ಒಂದೇ ಒಂದು ಸ್ವರ ತಪ್ಪಿತಾ, ಹೇಳು. ಪಕ್ಕದಲ್ಲೇ ಕೀಬೋರ್ಡ್ ನುಡಿಸ್ತಿದ್ಯಲ್ಲ.”

ತಮ್ಮ ತನ್ನ ಚಪ್ಪಲಿಯನ್ನೇ ನೋಡುತ್ತಾ ಹೇಳಿದ.

“ಕೇಳಿಸಿದ್ದು ನನ್ನ ಕೀಬೋರ್ಡು ಅಣ್ಣ. ಅದ್ರಲ್ಲಿ ಗಿಟಾರ್ ಸೌಂಡೂ ಬರುತ್ತಲ್ಲ. ನಿನ್ನ ಗಿಟಾರಿನ ವಾಲ್ಯೂಮ್ ಪೂರ್ತಿ ಇಳಿಸಿ ನಿನ್ನ ಭಾಗಾನೂ ನಾನೇ ನುಡಿಸಿದೆ. ನಿನ್ನ ಕಾಲ ಹತ್ರ ಇರೋ ಸ್ಪೀಕರಲ್ಲೂ ಅದೇ ಬರ್ತಿತ್ತು.”

“ಯಾವಾಗಿಂದ?”

“ನೀನು ತೆಳು ತಂತಿ ಹಾಕ್ಕೊಂಡಾಗಿಂದ.”

“ಬಾಯಿಬಿಟ್ಟು ಹೇಳೋಕೆ ಏನ್ ರೋಗ ನಿಂಗೆ?”

“ಹೋಟೆಲಿನ ಬೋರ್ಡಲ್ಲಿರೋದು ನಿನ್ನ ಫೋಟೋ. ನೀನಿಲ್ಲ ಅಂದ್ರೆ ನನ್ನನ್ನ ಯಾರು ಕರೀತಾರೆ?”

ಒಳಗಿನಿಂದ ನರ್ಸ್ ಕೂಗಿದಳು. ಎಬ್ಬಿಸಲೆಂದು ತಮ್ಮ ಕೈ ಚಾಚಿದ. ಅಣ್ಣ ಅದನ್ನು ಮೊಣಕೈಯಿಂದ ತಳ್ಳಿ, ತಾನೇ ಎದ್ದು ಬಾಗಿಲವರೆಗೆ ಹೋದವನು ತಿರುಗಿ ನಿಂತ.

“ಪ್ರತಿ ಶನಿವಾರ ನುಡಿಸಿ ಮನೆಗೆ ಬಂದು ನಾನು ಕೈ ಹಿಡ್ಕೊಂಡು ಅಳ್ತಿದ್ನಲ್ಲೋ,” ಎಂದ. “ಆ ನೋವಾದ್ರೂ ನಂದೇನಾ?”